ದ್ರವ್ಯರಾಶಿ ಶಕ್ತಿಯಾಗುವುದನ್ನು ಲೆಕ್ಕ ಹಾಕಿ ತಿಳಿಯುವ ಬಗೆ

ಮಹಾರಾಷ್ಟ್ರ ಮಂಡಳಿಯ ಹನ್ನೆರಡನೆಯ ತರಗತಿಯ ಭೌತಶಾಸ್ತ್ರದಲ್ಲಿ ಪರಮಾಣು ಮತ್ತು ನ್ಯೂಕ್ಲಿಯಸ್‌ಗಳ ಪಾಠವು ಪುಸ್ತಕದ ಕೊನೆಯ ಭಾಗದಲ್ಲಿ ಬರುತ್ತದೆ. ಪರೀಕ್ಷೆ ಹತ್ತಿರವಾದಾಗ ಅವಸರದಲ್ಲಿ ಮುಗಿಸುವ ಪಾಠವಾದ್ದರಿಂದ ಇ = ಎಂಸಿ² ಎಂಬ ಸೂತ್ರ ಅನೇಕರಿಗೆ ಬಾಯಿಪಾಠವಾಗಿರುತ್ತದೆ, ಆದರೆ ಅದನ್ನು ಬಳಸಿ ಒಂದು ಲೆಕ್ಕವನ್ನು ಸ್ವತಂತ್ರವಾಗಿ ಮಾಡಲು ಕೈ ಬರುವುದಿಲ್ಲ. ಮುಂಬಯಿ ಮತ್ತು ಸುತ್ತಲಿನ ಮಾಟುಂಗ, ಮುಲುಂಡ್, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದುವ ಮಕ್ಕಳು ರಾತ್ರಿ ಊಟದ ಹೊತ್ತಿಗೆ ದೊಡ್ಡವರನ್ನು ಕೇಳುವ ಪ್ರಶ್ನೆಯೂ ಇದೇ: ದ್ರವ್ಯರಾಶಿ ಶಕ್ತಿಯಾಗುತ್ತದೆ ಎನ್ನುತ್ತಾರಲ್ಲ, ಹಾಗಾದರೆ ಮಾಯವಾಗುವುದು ಯಾವುದು? ಈ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಹೇಳುವುದಕ್ಕಿಂತ ಕೂಡುವ ಕಳೆಯುವ ಲೆಕ್ಕದಲ್ಲಿ ತೋರಿಸುವುದು ಸುಲಭ. ಕಾಗದ, ಪೆನ್ನು ಮತ್ತು ಹತ್ತರ ಘಾತಗಳನ್ನು ತೆಗೆದುಕೊಳ್ಳುವ ಒಂದು ಕ್ಯಾಲ್ಕುಲೇಟರ್ ಇದ್ದರೆ ಸಾಕು. ಹೆಚ್ಚಿನ ಮೊಬೈಲ್‌ಗಳಲ್ಲಿ ಕ್ಯಾಲ್ಕುಲೇಟರನ್ನು ತೆರೆದು ಫೋನನ್ನು ಅಡ್ಡ ಹಿಡಿದರೆ ಆ ಗುಂಡಿಗಳು ಕಾಣಿಸಿಕೊಳ್ಳುತ್ತವೆ.

ಮೊದಲ ಹೆಜ್ಜೆ: ಸೂತ್ರವನ್ನು ಸರಿಯಾಗಿ ಓದಿಕೊಳ್ಳುವುದು

ಆಲ್ಬರ್ಟ್ ಐನ್‌ಸ್ಟೈನ್ 1905ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ‘ಅನ್ನಾಲೆನ್ ಡೆರ್ ಫಿಸಿಕ್’ ಪತ್ರಿಕೆಗೆ ಮೂರು ಪುಟಗಳ ಒಂದು ಚಿಕ್ಕ ಪ್ರಬಂಧವನ್ನು ಕಳುಹಿಸಿದರು. ಇಂದು ಅಂಗಿಗಳ ಮೇಲೆ ಅಚ್ಚಾಗುವ ರೂಪದಲ್ಲಿ ಸೂತ್ರ ಅಲ್ಲಿ ಇರಲಿಲ್ಲ. ಒಂದು ವಸ್ತು ವಿಕಿರಣದ ರೂಪದಲ್ಲಿ ಇಷ್ಟು ಶಕ್ತಿಯನ್ನು ಹೊರಗೆ ಬಿಟ್ಟರೆ, ಆ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು ಅದರ ದ್ರವ್ಯರಾಶಿ ಕಡಿಮೆಯಾಗುತ್ತದೆ ಎಂದು ಅವರು ಬರೆದರು. ರೇಡಿಯಂ ಲವಣಗಳಂಥ ವಸ್ತುಗಳಲ್ಲಿ ಇದನ್ನು ಪರೀಕ್ಷಿಸಿ ನೋಡಲು ಸಾಧ್ಯವಾಗಬಹುದು ಎಂದೂ ಸೇರಿಸಿದರು. ವಿದ್ಯಾರ್ಥಿಯಾದವನು ಈ ಮೂಲ ರೂಪವನ್ನೇ ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅದರಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗಿವೆ. ಶಕ್ತಿ ವಸ್ತುವನ್ನು ಬಿಟ್ಟು ಹೊರಗೆ ಹೋಗಬೇಕು. ಹೋದ ಶಕ್ತಿಯ ಜೊತೆಗೆ ಅದಕ್ಕೆ ತಕ್ಕ ದ್ರವ್ಯರಾಶಿಯೂ ಹೋಗುತ್ತದೆ.

ಸೂತ್ರದಲ್ಲಿ ‘ಎಂ’ ಎಂದರೆ ನಿಶ್ಚಲವಾಗಿರುವ ವಸ್ತುವಿನ ದ್ರವ್ಯರಾಶಿ, ಕಿಲೋಗ್ರಾಮ್‌ಗಳಲ್ಲಿ. ‘ಸಿ’ ಎಂದರೆ ನಿರ್ವಾತದಲ್ಲಿ ಬೆಳಕಿನ ವೇಗ, ಸೆಕೆಂಡಿಗೆ 29,97,92,458 ಮೀಟರ್. ನಮ್ಮ ಲೆಕ್ಕಗಳಿಗೆ 3 × 10⁸ ಎಂದು ಇಟ್ಟುಕೊಂಡರೆ ತಪ್ಪಿಲ್ಲ. ಅದರ ವರ್ಗ 9 × 10¹⁶. ‘ಇ’ ಜೂಲ್‌ಗಳಲ್ಲಿ ಬರುತ್ತದೆ. ಬೆಳಕಿನ ವೇಗದ ವರ್ಗ ಇಲ್ಲಿ ಏಕೆ ಬಂತು, ವಸ್ತು ಬೆಳಕಿನ ವೇಗದಲ್ಲಿ ಓಡಬೇಕೇ ಎಂದು ಕೆಲವರು ಗಲಿಬಿಲಿಗೊಳ್ಳುತ್ತಾರೆ. ಏನೂ ಓಡಬೇಕಾಗಿಲ್ಲ. ಝವೇರಿ ಬಜಾರಿನಲ್ಲಿ ಒಂದೇ ಬಳೆಯ ತೂಕವನ್ನು ಅಜ್ಜಿ ತೊಲದಲ್ಲಿ ಹೇಳಿದರೆ ಅಂಗಡಿಯವರು ಗ್ರಾಮಿನಲ್ಲಿ ಬರೆದುಕೊಳ್ಳುತ್ತಾರೆ, ತೊಲವನ್ನು 11.66ರಿಂದ ಗುಣಿಸಿದ ಮಾತ್ರಕ್ಕೆ ಬಳೆಯ ಚಿನ್ನ ಬೇರೆಯಾಗುವುದಿಲ್ಲ. ಸಿ² ಕೂಡ ಅಂಥದೇ ಒಂದು ಗುಣಕ. ನಾವು ಕಿಲೋಗ್ರಾಮ್ ಮತ್ತು ಜೂಲ್ ಎಂಬ ಎರಡು ಬೇರೆ ಅಳತೆಗಳನ್ನು ಇಟ್ಟುಕೊಂಡಿರುವುದರಿಂದ ಆ ಗುಣಕ ಅಷ್ಟು ದೊಡ್ಡದಾಗಿ ಕಾಣುತ್ತದೆ.

ಎರಡನೆಯ ಹೆಜ್ಜೆ: ಒಂದು ಗ್ರಾಮಿನ ಲೆಕ್ಕ

ಒಂದು ಗ್ರಾಮ್ ಎಂದರೆ 10⁻³ ಕಿಲೋಗ್ರಾಮ್. ಇದನ್ನು 9 × 10¹⁶ರಿಂದ ಗುಣಿಸಿದರೆ 9 × 10¹³ ಜೂಲ್ ಸಿಗುತ್ತದೆ. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ ಉತ್ತರ 2.5 ಕೋಟಿ ಯೂನಿಟ್. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ಆಗುತ್ತವೆ: ಗ್ರಾಮನ್ನು ಕಿಲೋಗ್ರಾಮ್ ಮಾಡದೆ ಹಾಕುವುದು, ವೇಗವನ್ನು ವರ್ಗ ಮಾಡಲು ಮರೆಯುವುದು. ಮೊದಲನೆಯದರಿಂದ ಉತ್ತರ ಸಾವಿರ ಪಟ್ಟು ಹೆಚ್ಚಾಗುತ್ತದೆ, ಎರಡನೆಯದರಿಂದ ಮೂವತ್ತು ಕೋಟಿ ಪಟ್ಟು ಕಡಿಮೆಯಾಗುತ್ತದೆ.

ಸಂಖ್ಯೆ ನೋಡಿ ಬೆರಗಾಗುವ ಮೊದಲು ಒಂದು ಎಚ್ಚರಿಕೆ ಬೇಕು. ಒಂದು ಗ್ರಾಮ್ ಉಪ್ಪಿನಿಂದ ಎರಡೂವರೆ ಕೋಟಿ ಯೂನಿಟ್ ವಿದ್ಯುತ್ ತೆಗೆಯಬಹುದು ಎಂದು ಸೂತ್ರ ಹೇಳುವುದಿಲ್ಲ. ಅಷ್ಟು ಶಕ್ತಿ ಹೊರಗೆ ಹೋದರೆ ಒಂದು ಗ್ರಾಮ್ ಕಡಿಮೆಯಾಗುತ್ತದೆ ಎಂದಷ್ಟೇ ಹೇಳುತ್ತದೆ. ಹೊರಗೆ ಹೋಗುವ ದಾರಿ ಇದೆಯೇ ಇಲ್ಲವೇ ಎಂಬುದು ಬೇರೆಯ ಪ್ರಶ್ನೆ, ಅದಕ್ಕೆ ಉತ್ತರವನ್ನು ಕಣಗಳ ನಡುವಿನ ಬಲಗಳಲ್ಲಿ ಹುಡುಕಬೇಕು.

ಮೂರನೆಯ ಹೆಜ್ಜೆ: ಹೋಟೆಲಿನ ಅಡುಗೆಮನೆಯ ಸಿಲಿಂಡರು

ಪರಮಾಣು ಶಕ್ತಿಗೆ ಹೋಗುವ ಮೊದಲು ಬೆಂಕಿಯ ಲೆಕ್ಕ ಮಾಡಿ ನೋಡುವುದು ಅಗತ್ಯ. ಈ ಸೂತ್ರ ಬಾಂಬಿಗೂ ಸೂರ್ಯನಿಗೂ ಮಾತ್ರ ಸಂಬಂಧಪಟ್ಟದ್ದು ಎಂಬ ತಪ್ಪು ತಿಳಿವಳಿಕೆ ಪಠ್ಯಪುಸ್ತಕ ಓದಿದವರಲ್ಲೂ ಇರುತ್ತದೆ.

ಮಾಟುಂಗದ ಯಾವುದೇ ಉಡುಪಿ ಹೋಟೆಲಿನ ಹಿಂಬದಿಯಲ್ಲಿ 19 ಕಿಲೋ ಅನಿಲದ ವಾಣಿಜ್ಯ ಸಿಲಿಂಡರುಗಳು ಸಾಲಾಗಿ ನಿಂತಿರುತ್ತವೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು 4.6 ಕೋಟಿ ಜೂಲ್ ಶಾಖ ಹೊರಬರುತ್ತದೆ. 19ರಿಂದ ಗುಣಿಸಿದರೆ ಸುಮಾರು 8.7 × 10⁸ ಜೂಲ್. ಇದನ್ನು 9 × 10¹⁶ರಿಂದ ಭಾಗಿಸಿದರೆ ಸಿಗುವುದು 9.7 × 10⁻⁹ ಕಿಲೋಗ್ರಾಮ್, ಅಂದರೆ ಹೆಚ್ಚು ಕಡಿಮೆ 10 ಮೈಕ್ರೋಗ್ರಾಮ್. ದೋಸೆಕಲ್ಲಿನ ಕೆಳಗೆ ಇಡೀ ಸಿಲಿಂಡರು ಉರಿದು ಮುಗಿದಾಗ ನಿಜವಾಗಿ ಕಡಿಮೆಯಾದ ದ್ರವ್ಯರಾಶಿ ಇಷ್ಟೇ.

ಹಾಗಾದರೆ 19 ಕಿಲೋ ಅನಿಲ ಎಲ್ಲಿಗೆ ಹೋಯಿತು? ಅದು ಗಾಳಿಯಿಂದ ಸುಮಾರು 68 ಕಿಲೋ ಆಮ್ಲಜನಕವನ್ನು ಸೇರಿಸಿಕೊಂಡು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗಿ ಚಿಮಣಿಯ ಮೂಲಕ ಹೊರಗೆ ಹೋಯಿತು. ಒಳಗೆ ಬಂದ ಸುಮಾರು 87 ಕಿಲೋದಲ್ಲಿ ಹತ್ತು ಮೈಕ್ರೋಗ್ರಾಮ್ ಕೊರತೆ ಎಂದರೆ ಸಾವಿರ ಕೋಟಿಯಲ್ಲಿ ಒಂದು ಪಾಲು. ರಸಾಯನಶಾಸ್ತ್ರದ ಪ್ರಯೋಗಾಲಯದ ತಕ್ಕಡಿಗೆ ಇದು ಸಿಗುವಂಥದಲ್ಲ; ಆದ್ದರಿಂದಲೇ ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯರಾಶಿ ಬದಲಾಗುವುದಿಲ್ಲ ಎಂಬ ಲವಾಜಿಯೆಯ ನಿಯಮವನ್ನು ನಾವು ಇಂದಿಗೂ ನೆಮ್ಮದಿಯಿಂದ ಕಲಿಸುತ್ತೇವೆ.

ಇಲ್ಲಿಯೇ ಒಂದು ಊಹೆಯ ಪ್ರಯೋಗ ಮಾಡಿಕೊಳ್ಳಿ. ಅಡುಗೆಮನೆಯನ್ನು ಶಾಖವಾಗಲೀ ಬೆಳಕಾಗಲೀ ಹೊಗೆಯಾಗಲೀ ಹೊರಗೆ ಹೋಗದಂಥ ಪೆಟ್ಟಿಗೆಯಲ್ಲಿ ಇಟ್ಟು, ಆ ಪೆಟ್ಟಿಗೆಯನ್ನೇ ತೂಗುತ್ತ ಸಿಲಿಂಡರನ್ನು ಉರಿಸಿದರೆ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಬಿಸಿಯಾದ ಗಾಳಿ, ಬಿಸಿಯಾದ ಕಲ್ಲು ಮತ್ತು ಪೆಟ್ಟಿಗೆಯೊಳಗೆ ತುಂಬಿದ ಬೆಳಕು ಆ ಹತ್ತು ಮೈಕ್ರೋಗ್ರಾಮನ್ನು ಇಟ್ಟುಕೊಂಡಿರುತ್ತವೆ. ಕಿಟಕಿ ತೆರೆದು ಪೆಟ್ಟಿಗೆ ಆರಿದಾಗ ಮಾತ್ರ ಕೊರತೆ ಕಾಣುತ್ತದೆ. ಮುಂದಿನ ಎಲ್ಲ ಲೆಕ್ಕಗಳಲ್ಲೂ ಇದೇ ಕ್ರಮ: ಮೊದಲು ಇದ್ದುದನ್ನು ಕೂಡಿಸಿ, ಆಮೇಲೆ ಉಳಿದದ್ದನ್ನು ಕೂಡಿಸಿ, ಕಳೆದು, ವ್ಯತ್ಯಾಸ ಯಾವ ರೂಪದಲ್ಲಿ ಯಾವ ಕಡೆಗೆ ಹೋಯಿತು ಎಂದು ಕೇಳಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ನ್ಯೂಕ್ಲಿಯಸ್‌ಗೆ ತಕ್ಕ ಅಳತೆ, ಮತ್ತು 1932ರ ಪ್ರಯೋಗ

ಪರಮಾಣುಗಳನ್ನು ಕಿಲೋಗ್ರಾಮಿನಲ್ಲಿ ಬರೆದರೆ ಸೊನ್ನೆಗಳಲ್ಲಿಯೇ ದಾರಿ ತಪ್ಪುತ್ತದೆ. ಅದಕ್ಕಾಗಿ ಪರಮಾಣು ದ್ರವ್ಯರಾಶಿ ಮಾನ ಎಂಬ ಅಳತೆ ಇದೆ. ಇಂಗಾಲ-12 ಪರಮಾಣುವಿನ ಹನ್ನೆರಡನೆಯ ಒಂದು ಪಾಲು ಒಂದು ಮಾನ. ಶಕ್ತಿಗೆ ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ಎಂಇವಿ. ಒಂದು ಎಂಇವಿ 1.602 × 10⁻¹³ ಜೂಲ್‌ಗೆ ಸಮ. ಒಂದು ಮಾನ ದ್ರವ್ಯರಾಶಿಗೆ 931.5 ಎಂಇವಿ ಶಕ್ತಿ. ಈ 931.5 ಎಂಬುದು ಸಿ²ನ್ನೇ ಬೇರೆ ಅಳತೆಗಳಲ್ಲಿ ಬರೆದ ರೂಪ. ಇದನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ನ್ಯೂಕ್ಲಿಯಸ್‌ನ ಲೆಕ್ಕಗಳಲ್ಲಿ ಘಾತಗಳ ತೊಂದರೆಯೇ ಇರುವುದಿಲ್ಲ.

ಅಭ್ಯಾಸಕ್ಕೆ ನಾನು ಸೂಚಿಸುವ ಮೊದಲ ಉದಾಹರಣೆ ಯುರೇನಿಯಂ ಅಲ್ಲ, ಲಿಥಿಯಂ. ಇಂಗ್ಲೆಂಡಿನ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ 1932ರಲ್ಲಿ ಜಾನ್ ಕಾಕ್‌ಕ್ರಾಫ್ಟ್ ಮತ್ತು ಅರ್ನೆಸ್ಟ್ ವಾಲ್ಟನ್ ತಾವೇ ಕಟ್ಟಿದ ಯಂತ್ರದಿಂದ ಪ್ರೋಟಾನ್‌ಗಳನ್ನು ವೇಗಗೊಳಿಸಿ ಲಿಥಿಯಂನ ಮೇಲೆ ಹಾಯಿಸಿದರು. ಲಿಥಿಯಂ-7 ನ್ಯೂಕ್ಲಿಯಸ್ ಒಂದು ಪ್ರೋಟಾನನ್ನು ನುಂಗಿ ಎರಡು ಹೀಲಿಯಂ ನ್ಯೂಕ್ಲಿಯಸ್‌ಗಳಾಗಿ ಒಡೆಯಿತು. ಆ ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ, ಪ್ರತಿಯೊಂದೂ ಸುಮಾರು 8.6 ಎಂಇವಿ ಚಲನ ಶಕ್ತಿಯೊಂದಿಗೆ ಹಾರಿದವು. ಒಳಗೆ ಹಾಯಿಸಿದ ಪ್ರೋಟಾನಿನ ಶಕ್ತಿ ಒಂದು ಎಂಇವಿಗಿಂತ ಎಷ್ಟೋ ಕಡಿಮೆಯಿತ್ತು. ಉಳಿದ ಶಕ್ತಿ ಬಂದುದು ಎಲ್ಲಿಂದ ಎಂಬುದನ್ನು ಇಂದಿನ ನಿಖರ ಅಂಕಿಗಳಿಂದ ನೋಡೋಣ.

ಲಿಥಿಯಂ-7: 7.016003
ಹೈಡ್ರೋಜನ್-1 (ಪ್ರೋಟಾನಿನ ಜಾಗದಲ್ಲಿ): 1.007825
ಮೊದಲಿನ ಒಟ್ಟು: 8.023828
ಎರಡು ಹೀಲಿಯಂ-4: 2 × 4.002603 = 8.005206
ಕೊರತೆ: 0.018622 ಮಾನ
ಶಕ್ತಿ: 0.018622 × 931.5 = 17.35 ಎಂಇವಿ

ಎರಡು ಕಣಗಳಿಗೆ ಹಂಚಿದರೆ ತಲಾ 8.67. ತಕ್ಕಡಿ ಹೇಳಿದ್ದೂ ಹಾರಿದ ಕಣಗಳು ಹೇಳಿದ್ದೂ ಒಂದೇ ಆಯಿತು. ಸೂತ್ರ ಪ್ರಕಟವಾಗಿ ಇಪ್ಪತ್ತೇಳು ವರ್ಷಗಳ ನಂತರ ನ್ಯೂಕ್ಲಿಯಸ್‌ಗಳ ಕ್ರಿಯೆಯೊಂದರಲ್ಲಿ ಅದನ್ನು ಹೀಗೆ ನೇರವಾಗಿ ತಾಳೆ ನೋಡಲು ಸಾಧ್ಯವಾದದ್ದು ಈ ಪ್ರಯೋಗದಿಂದ. ಇಬ್ಬರಿಗೂ 1951ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈ ಲೆಕ್ಕದಲ್ಲಿ ದಶಮಾಂಶಗಳನ್ನು ಮೊದಲೇ ಮೊಟಕುಗೊಳಿಸಬೇಡಿ. 7.0 ಮತ್ತು 1.0 ಕೂಡಿಸಿ 8.0 ಕಳೆದರೆ ಉತ್ತರ ಸೊನ್ನೆ. ನಾವು ಹುಡುಕುತ್ತಿರುವ ಸಂಗತಿ ಇರುವುದೇ ಎರಡನೆಯ ಮತ್ತು ಮೂರನೆಯ ದಶಮಾಂಶ ಸ್ಥಾನದಲ್ಲಿ. ಆರೂ ಸ್ಥಾನಗಳನ್ನು ಇಟ್ಟುಕೊಂಡು ಕಳೆದ ಮೇಲೆ ಬೇಕಾದರೆ ಮೊಟಕುಗೊಳಿಸಿ.

ಐದನೆಯ ಹೆಜ್ಜೆ: ಕಣಗಳ ಎಣಿಕೆ ಬದಲಾಗದೆ ಕೊರತೆ ಬಂದುದು ಹೇಗೆ?

ಮೇಲಿನ ಲೆಕ್ಕದಲ್ಲಿ ಪ್ರೋಟಾನ್‌ಗಳನ್ನೂ ನ್ಯೂಟ್ರಾನ್‌ಗಳನ್ನೂ ಎಣಿಸಿ ನೋಡಿ. ಮೊದಲು ಲಿಥಿಯಂನಲ್ಲಿ ಮೂರು ಪ್ರೋಟಾನ್ ಮತ್ತು ನಾಲ್ಕು ನ್ಯೂಟ್ರಾನ್, ಹೊರಗಿನಿಂದ ಬಂದ ಪ್ರೋಟಾನ್ ಒಂದು. ಆಮೇಲೆ ಎರಡು ಹೀಲಿಯಂಗಳಲ್ಲಿ ನಾಲ್ಕು ಪ್ರೋಟಾನ್, ನಾಲ್ಕು ನ್ಯೂಟ್ರಾನ್. ಒಂದು ಕಣವೂ ಕಾಣೆಯಾಗಿಲ್ಲ. ಯಾವುದೋ ಕಣ ಉರಿದು ಶಕ್ತಿಯಾಯಿತು ಎಂಬ ಚಿತ್ರ ಮನಸ್ಸಿನಲ್ಲಿದ್ದರೆ ಅದನ್ನು ಇಲ್ಲಿ ಅಳಿಸಿಹಾಕಬೇಕು.

ಬದಲಾದುದು ಕಣಗಳ ಜೋಡಣೆ. ಬಿಡಿಯಾಗಿರುವ ಎರಡು ಹೈಡ್ರೋಜನ್ ಪರಮಾಣುಗಳನ್ನೂ ಎರಡು ನ್ಯೂಟ್ರಾನ್‌ಗಳನ್ನೂ ತೂಗಿದರೆ 4.032980 ಮಾನ ಬರುತ್ತದೆ. ಅವೇ ಸೇರಿದ ಹೀಲಿಯಂ ಪರಮಾಣು 4.002603 ಮಾತ್ರ. ವ್ಯತ್ಯಾಸ 0.030377 ಮಾನ, ಅಂದರೆ 28.3 ಎಂಇವಿ. ಬಿಡಿ ಕಣಗಳು ನ್ಯೂಕ್ಲಿಯಸ್‌ನ ಪ್ರಬಲ ಬಲಕ್ಕೆ ಸಿಕ್ಕಿ ಒಂದನ್ನೊಂದು ಅಪ್ಪಿಕೊಳ್ಳುವಾಗ ಇಷ್ಟು ಶಕ್ತಿ ಹೊರಗೆ ಹೋಗುತ್ತದೆ, ಅದರ ಜೊತೆಗೆ ಅದರ ದ್ರವ್ಯರಾಶಿಯೂ ಹೋಗುತ್ತದೆ. ಹೀಲಿಯಂ ನ್ಯೂಕ್ಲಿಯಸ್ಸನ್ನು ಮತ್ತೆ ಬಿಡಿಸಬೇಕಾದರೆ ಅಷ್ಟೇ ಶಕ್ತಿಯನ್ನು ಹೊರಗಿನಿಂದ ಕೊಡಬೇಕು. ಇದನ್ನು ಬಂಧಕ ಶಕ್ತಿ ಎನ್ನುತ್ತಾರೆ, ಮತ್ತು ಈ ಹೆಸರೇ ಎಷ್ಟೋ ಮಕ್ಕಳನ್ನು ದಾರಿ ತಪ್ಪಿಸುತ್ತದೆ: ನ್ಯೂಕ್ಲಿಯಸ್ ತನ್ನೊಳಗೆ ಕೂಡಿಟ್ಟುಕೊಂಡ ಶಕ್ತಿ ಇದು ಎಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಈಗಾಗಲೇ ಕಳೆದುಕೊಂಡ ಶಕ್ತಿ. ಬಂಧಕ ಶಕ್ತಿ ಹೆಚ್ಚಿದ್ದಷ್ಟೂ ನ್ಯೂಕ್ಲಿಯಸ್ ಹಗುರ, ಅಷ್ಟೂ ಭದ್ರ.

28.3ನ್ನು ನಾಲ್ಕು ಕಣಗಳಿಗೆ ಹಂಚಿದರೆ ತಲಾ 7.1 ಎಂಇವಿ. ಹೀಗೆಯೇ ಎಲ್ಲ ಮೂಲವಸ್ತುಗಳಿಗೆ ಲೆಕ್ಕ ಮಾಡಿದರೆ ಕಬ್ಬಿಣ ಮತ್ತು ನಿಕ್ಕಲ್‌ಗಳ ಆಸುಪಾಸಿನಲ್ಲಿ ಈ ಸಂಖ್ಯೆ ಗರಿಷ್ಠವಾಗಿ 8.8ರ ಹತ್ತಿರ ಬರುತ್ತದೆ, ಯುರೇನಿಯಂಗೆ ಹೋಗುವಷ್ಟರಲ್ಲಿ 7.6ಕ್ಕೆ ಇಳಿದಿರುತ್ತದೆ. ಕಬ್ಬಿಣದ ಕಡೆಗೆ ಹತ್ತಿರವಾಗುವ ಯಾವ ಕ್ರಿಯೆಯಲ್ಲಾದರೂ ಶಕ್ತಿ ಹೊರಬರುತ್ತದೆ. ಹಗುರವಾದವು ಸೇರಿದರೆ ಸಮ್ಮಿಲನ, ಭಾರವಾದವು ಒಡೆದರೆ ವಿದಳನ.

ಇದೇ ವಿಚಾರವನ್ನು ಇನ್ನೂ ಒಳಕ್ಕೆ ಒಯ್ದರೆ ಒಂದು ಸೋಜಿಗವಿದೆ. ಪ್ರೋಟಾನಿನ ದ್ರವ್ಯರಾಶಿ ಶಕ್ತಿಯ ಅಳತೆಯಲ್ಲಿ 938 ಎಂಇವಿ. ಅದರೊಳಗಿನ ಮೂರು ಮೂಲಕಣಗಳಾದ ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿಯನ್ನು ಕೂಡಿಸಿದರೆ ಅದರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದದ್ದೆಲ್ಲ ಆ ಕ್ವಾರ್ಕ್‌ಗಳ ಓಡಾಟದ ಮತ್ತು ಅವುಗಳನ್ನು ಹಿಡಿದಿರುವ ಬಲಕ್ಷೇತ್ರದ ಶಕ್ತಿ. ನಾವು ಸಂತೆಯಲ್ಲಿ ತೂಗಿ ಕೊಳ್ಳುವ ಪದಾರ್ಥದ ತೂಕದ ಬಹುಪಾಲು ಆಗಲೇ ಶಕ್ತಿಯಾಗಿಯೇ ಇದೆ.

ಆರನೆಯ ಹೆಜ್ಜೆ: ಯುರೇನಿಯಂ, ಟ್ರಾಂಬೆ, ತಾರಾಪುರ

ಮುಂಬಯಿಯವರಿಗೆ ಈ ವಿಷಯ ದೂರದ್ದಲ್ಲ. ಏಷ್ಯಾದ ಮೊದಲ ಸಂಶೋಧನಾ ರಿಯಾಕ್ಟರುಗಳಲ್ಲಿ ಒಂದಾದ ಅಪ್ಸರಾ 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಕೆಲಸ ಆರಂಭಿಸಿತು; ನೀರಿನ ಕೊಳದಲ್ಲಿ ಮುಳುಗಿಸಿದ ಇಂಧನದ ಸುತ್ತ ನೀಲಿ ಬೆಳಕು ಕಾಣುವ ಬಗೆಯ ರಿಯಾಕ್ಟರ್ ಅದು. ಮುಂದೆ ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂದು ಹೆಸರಾದ ಅಲ್ಲಿನ ಸಂಸ್ಥೆಗೆ ಎರಡು ಅವಧಿಗೆ ನಿರ್ದೇಶಕರಾಗಿದ್ದ ರಾಜಾ ರಾಮಣ್ಣ ಹುಟ್ಟಿದ್ದು ತುಮಕೂರು ಜಿಲ್ಲೆಯಲ್ಲಿ.

ಯುರೇನಿಯಂ-235 ಒಂದು ನ್ಯೂಟ್ರಾನನ್ನು ನುಂಗಿದಾಗ ಹಲವು ಬಗೆಯಲ್ಲಿ ಒಡೆಯಬಹುದು. ಒಂದು ಬಗೆಯಲ್ಲಿ ಬೇರಿಯಂ-141, ಕ್ರಿಪ್ಟಾನ್-92 ಮತ್ತು ಮೂರು ನ್ಯೂಟ್ರಾನ್‌ಗಳು ಬರುತ್ತವೆ. ಮೊದಲು ಎಣಿಕೆ ತಾಳೆ ನೋಡಿ: 92 ಪ್ರೋಟಾನ್‌ಗಳು 56 ಮತ್ತು 36 ಆಗಿ ಹಂಚಿಹೋಗಿವೆ, ಒಟ್ಟು 236 ಕಣಗಳು 141, 92 ಮತ್ತು 3 ಆಗಿವೆ.

ಯುರೇನಿಯಂ-235 ಮತ್ತು ನ್ಯೂಟ್ರಾನ್: 235.043930 + 1.008665 = 236.052595
ಬೇರಿಯಂ, ಕ್ರಿಪ್ಟಾನ್, ಮೂರು ನ್ಯೂಟ್ರಾನ್: 140.914411 + 91.926156 + 3.025995 = 235.866562
ಕೊರತೆ: 0.186033 ಮಾನ, ಅಂದರೆ 173.3 ಎಂಇವಿ

ಪುಸ್ತಕದಲ್ಲಿ 200 ಎಂಇವಿ ಎಂದಿದೆಯಲ್ಲ ಎಂದು ಕೇಳಬಹುದು. ಬೇರಿಯಂ ಮತ್ತು ಕ್ರಿಪ್ಟಾನ್‌ಗಳು ಇನ್ನೂ ಅಸ್ಥಿರವಾಗಿದ್ದು, ಬೀಟಾ ಕಣಗಳನ್ನೂ ಗಾಮಾ ಕಿರಣಗಳನ್ನೂ ಬಿಡುತ್ತ ಹಂತ ಹಂತವಾಗಿ ಸ್ಥಿರವಾಗುವಾಗ ಇನ್ನಷ್ಟು ಶಕ್ತಿ ಹೊರಬರುತ್ತದೆ. ಎಲ್ಲ ಬಗೆಯ ಒಡೆತಗಳ ಸರಾಸರಿಯನ್ನೂ ಸೇರಿಸಿ ಸುಮಾರು 200 ಎಂದು ಇಟ್ಟುಕೊಳ್ಳುತ್ತಾರೆ.

ಒಂದು ಕಿಲೋ ಯುರೇನಿಯಂ-235ರಲ್ಲಿ ಸುಮಾರು 2.56 × 10²⁴ ಪರಮಾಣುಗಳಿವೆ. ಪ್ರತಿಯೊಂದರಿಂದ 200 ಎಂಇವಿ, ಅಂದರೆ 3.2 × 10⁻¹¹ ಜೂಲ್. ಗುಣಿಸಿದರೆ 8.2 × 10¹³ ಜೂಲ್. ಸಿ²ರಿಂದ ಭಾಗಿಸಿದರೆ 0.9 ಗ್ರಾಮ್. ಇಡೀ ಒಂದು ಕಿಲೋ ಒಡೆದರೂ ಕಡಿಮೆಯಾಗುವುದು ಒಂದು ಗ್ರಾಮಿಗಿಂತ ಸ್ವಲ್ಪ ಕಡಿಮೆ. ಉಳಿದ 999 ಗ್ರಾಮ್ ವಿಕಿರಣಶೀಲ ತ್ಯಾಜ್ಯವಾಗಿ ಅಲ್ಲಿಯೇ ಇರುತ್ತದೆ. ಇಷ್ಟೇ ಶಕ್ತಿಯನ್ನು ಕಿಲೋಗೆ 2 ಕೋಟಿ ಜೂಲ್ ಕೊಡುವ ಕಲ್ಲಿದ್ದಲಿನಿಂದ ತೆಗೆಯಬೇಕಾದರೆ ಸುಮಾರು 4,100 ಟನ್ ಸುಡಬೇಕು. ಆ 4,100 ಟನ್ ಸುಟ್ಟಾಗಲೂ ಕಡಿಮೆಯಾಗುವ ದ್ರವ್ಯರಾಶಿ ಅದೇ 0.9 ಗ್ರಾಮ್, ಒಂದಿಷ್ಟೂ ವ್ಯತ್ಯಾಸವಿಲ್ಲ. ಎರಡೂ ಕಡೆ ಸೂತ್ರ ಒಂದೇ, ಹೊರಬಂದ ಶಕ್ತಿ ಒಂದೇ. ಕಲ್ಲಿದ್ದಲಿನಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಡಿದಿರುವ ವಿದ್ಯುತ್ ಬಂಧಗಳು ಮರುಜೋಡಣೆಯಾಗುತ್ತವೆ, ಯುರೇನಿಯಂನಲ್ಲಿ ನ್ಯೂಕ್ಲಿಯಸ್ಸೇ ಮರುಜೋಡಣೆಯಾಗುತ್ತದೆ; ಪರಮಾಣು ಒಂದಕ್ಕೆ ಸಿಗುವ ಶಕ್ತಿಯಲ್ಲಿ ಕೋಟಿಗಟ್ಟಲೆ ಪಟ್ಟು ಅಂತರ ಬರುವುದು ಆ ಕಾರಣಕ್ಕೆ. ಪರಮಾಣು ಶಕ್ತಿ ಹುಟ್ಟುವುದು ಇ = ಎಂಸಿ²ನಿಂದ ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ಈ ಕಲ್ಲಿದ್ದಲಿನ ಲೆಕ್ಕವನ್ನು ಮುಂದಿಡಬೇಕು ಎನ್ನಿಸುತ್ತದೆ.

ಮುಂಬಯಿಯಿಂದ ಉತ್ತರಕ್ಕೆ, ಬೋಯಿಸರ್ ನಿಲ್ದಾಣದಲ್ಲಿ ಇಳಿದು ಹೋಗಬೇಕಾದ ತಾರಾಪುರದಲ್ಲಿ 1969ರಿಂದ ಪರಮಾಣು ವಿದ್ಯುತ್ ಉತ್ಪಾದನೆ ನಡೆದಿದೆ. ಅಲ್ಲಿನ ಮೂರನೆಯ ಮತ್ತು ನಾಲ್ಕನೆಯ ಘಟಕಗಳು ತಲಾ 540 ಮೆಗಾವಾಟ್ ಸಾಮರ್ಥ್ಯದವು. ಶಾಖದ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುವುದರಿಂದ ಒಂದು ಘಟಕದ ಶಾಖ ಉತ್ಪಾದನೆಯನ್ನು ಸುಮಾರು 1,600 ಮೆಗಾವಾಟ್ ಎಂದು ಹಿಡಿಯೋಣ. ದಿನಕ್ಕೆ 86,400 ಸೆಕೆಂಡು, 1.6 × 10⁹ರಿಂದ ಗುಣಿಸಿ, 9 × 10¹⁶ರಿಂದ ಭಾಗಿಸಿದರೆ ಒಂದೂವರೆ ಗ್ರಾಮ್. ಪೂರ್ಣ ಸಾಮರ್ಥ್ಯದಲ್ಲಿ ಓಡುವ ಆ ಘಟಕದಿಂದ ದಿನಕ್ಕೆ ಹೊರಹೋಗುವ ದ್ರವ್ಯರಾಶಿ ಇಷ್ಟು. ಅದರಲ್ಲಿ ಒಂದು ಗ್ರಾಮಿನಷ್ಟು ಅರಬ್ಬಿ ಸಮುದ್ರದ ನೀರನ್ನು ಬಿಸಿ ಮಾಡಲು ಹೋಗುತ್ತದೆ, ಅರ್ಧ ಗ್ರಾಮಿನಷ್ಟು ತಂತಿಗಳ ಮೂಲಕ ಪಶ್ಚಿಮ ಭಾರತದ ಮನೆ, ಕಾರ್ಖಾನೆ, ರೈಲುಗಳನ್ನು ತಲುಪುತ್ತದೆ. ಗೋವಾದ ಓದುಗರು ಇದೇ ಲೆಕ್ಕವನ್ನು ಕಾರವಾರದ ಬಳಿಯ ಕೈಗಾದ 220 ಮೆಗಾವಾಟ್ ಘಟಕಕ್ಕೆ ಮಾಡಿ ನೋಡಬಹುದು, ಉತ್ತರ 0.6 ಗ್ರಾಮಿನ ಆಸುಪಾಸು ಬರಬೇಕು.

ಏಳನೆಯ ಹೆಜ್ಜೆ: ಕಣಗಳೇ ಇಲ್ಲವಾಗುವ ಸಂದರ್ಭ

ಇಷ್ಟು ಹೊತ್ತು ಕಣಗಳ ಎಣಿಕೆ ಬದಲಾಗಲಿಲ್ಲ. ಬದಲಾಗುವ ಸಂದರ್ಭವೂ ಇದೆ, ಮತ್ತು ಅದು ಮುಂಬಯಿಯ ಪರೇಲಿನ ಆಸ್ಪತ್ರೆಗಳಿಗೆ ಹೋಗಿ ಬಂದವರಿಗೆ ಪರಿಚಿತ. ಕ್ಯಾನ್ಸರ್ ತಪಾಸಣೆಗೆ ಬಳಸುವ ಪೆಟ್ ಸ್ಕ್ಯಾನ್‌ನಲ್ಲಿ ಫ್ಲೋರಿನ್-18 ಸೇರಿಸಿದ ಗ್ಲೂಕೋಸಿನಂಥ ವಸ್ತುವನ್ನು ರಕ್ತಕ್ಕೆ ಚುಚ್ಚುತ್ತಾರೆ. ಈ ಫ್ಲೋರಿನ್ ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಎಂಬ ಕಣವೇಗವರ್ಧಕ ಯಂತ್ರ ಆಸ್ಪತ್ರೆಗೆ ಬಹಳ ದೂರ ಇರುವಂತಿಲ್ಲ. ಈ ಊರಿನ ರಸ್ತೆ ಗೊತ್ತಿರುವವರಿಗೆ ಇದರ ಕಷ್ಟ ಅರ್ಥವಾದೀತು. ಫ್ಲೋರಿನ್-18 ಬಿಡುವ ಪಾಸಿಟ್ರಾನ್ (ಧನ ವಿದ್ಯುದಂಶವಿರುವ, ಎಲೆಕ್ಟ್ರಾನಿನ ಪ್ರತಿಕಣ) ದೇಹದ ಒಂದು ಎಲೆಕ್ಟ್ರಾನನ್ನು ಸಂಧಿಸಿದಾಗ ಎರಡೂ ಇಲ್ಲವಾಗಿ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಎಲೆಕ್ಟ್ರಾನಿನ ದ್ರವ್ಯರಾಶಿ 0.511 ಎಂಇವಿ, ಪಾಸಿಟ್ರಾನಿನದೂ ಅಷ್ಟೇ. ಯಂತ್ರದ ಸುತ್ತಲಿನ ಸಂವೇದಕಗಳು ಹಿಡಿಯುವ ಪ್ರತಿ ಕಿರಣದ ಶಕ್ತಿಯೂ 0.511. ನೂರಕ್ಕೆ ನೂರು ದ್ರವ್ಯರಾಶಿ ವಿಕಿರಣವಾಗುವ ಕ್ರಿಯೆ ಇದು. ಒಂದು ಕಿರಣ ಮಾತ್ರ ಹೊರಡಲು ಸಂವೇಗದ ನಿಯಮ ಬಿಡುವುದಿಲ್ಲ, ಅದಕ್ಕಾಗಿ ಜೋಡಿ.

ಇದೇ ಫ್ಲೋರಿನ್ ಪರೀಕ್ಷೆಯಲ್ಲಿ ಅಂಕ ಕಳೆಯುವ ಒಂದು ಗುಂಡಿಯನ್ನೂ ತೋಡಿಟ್ಟಿದೆ. ಕೋಷ್ಟಕಗಳಲ್ಲಿ ಕೊಡುವುದು ಪರಮಾಣುವಿನ ದ್ರವ್ಯರಾಶಿಯನ್ನು, ಅದರಲ್ಲಿ ಎಲೆಕ್ಟ್ರಾನ್‌ಗಳೂ ಸೇರಿರುತ್ತವೆ. ವಿದಳನದಲ್ಲಿ ಎರಡೂ ಕಡೆ ಎಲೆಕ್ಟ್ರಾನ್‌ಗಳ ಸಂಖ್ಯೆ ಒಂದೇ ಆದ್ದರಿಂದ ಅವು ತಾವಾಗಿಯೇ ಕಳೆದುಹೋಗುತ್ತವೆ. ಪಾಸಿಟ್ರಾನ್ ಹೊರಬರುವ ಕ್ರಿಯೆಯಲ್ಲಿ ಹಾಗಾಗುವುದಿಲ್ಲ. ಫ್ಲೋರಿನ್-18 (18.000938) ಆಮ್ಲಜನಕ-18 (17.999160) ಆಗುವಾಗ ಕೊರತೆ 0.001778 ಮಾನ, ಅಂದರೆ 1.656 ಎಂಇವಿ. ಆದರೆ ಫ್ಲೋರಿನ್‌ಗೆ ಒಂಬತ್ತು ಎಲೆಕ್ಟ್ರಾನ್, ಆಮ್ಲಜನಕಕ್ಕೆ ಎಂಟು. ಹೆಚ್ಚಿಗೆ ಉಳಿದ ಒಂದು ಎಲೆಕ್ಟ್ರಾನ್ ಮತ್ತು ಹೊಸದಾಗಿ ಹುಟ್ಟಿದ ಒಂದು ಪಾಸಿಟ್ರಾನ್, ಎರಡರ ದ್ರವ್ಯರಾಶಿ 1.022ನ್ನು ಕಳೆಯಬೇಕು. ಉಳಿದ 0.634 ಎಂಇವಿ ಪಾಸಿಟ್ರಾನ್ ಹೊತ್ತೊಯ್ಯಬಹುದಾದ ಗರಿಷ್ಠ ಚಲನ ಶಕ್ತಿ.

ಕೊನೆಯ ಹೆಜ್ಜೆ: ಸ್ವತಂತ್ರವಾಗಿ ಮಾಡಬೇಕಾದ ಲೆಕ್ಕಗಳು

ಸೂರ್ಯನಿಂದ ಆರಂಭಿಸಿ. ಅದು ಸೆಕೆಂಡಿಗೆ 3.83 × 10²⁶ ಜೂಲ್ ಶಕ್ತಿಯನ್ನು ಹೊರಸೂಸುತ್ತದೆ. ಭಾಗಿಸಿದರೆ ಸೆಕೆಂಡಿಗೆ ಸುಮಾರು 43 ಲಕ್ಷ ಟನ್ ಬರಬೇಕು. ಅದರಲ್ಲಿ ಭೂಮಿಗೆ ಬೀಳುವುದು 1.74 × 10¹⁷ ಜೂಲ್. ಅದನ್ನೂ ಭಾಗಿಸಿ ನೋಡಿ: ಇಡೀ ಭೂಮಿಯ ಮೇಲೆ ಸೆಕೆಂಡಿಗೆ ಬೀಳುವ ಬಿಸಿಲು ಎರಡು ಕಿಲೋಕ್ಕಿಂತ ಸ್ವಲ್ಪ ಕಡಿಮೆ. ಬಿಸಿಲನ್ನು ಕಿಲೋ ಲೆಕ್ಕದಲ್ಲಿ ಹೇಳುವುದು ವಿನೋದದಂತೆ ಕಂಡರೂ ಲೆಕ್ಕದಲ್ಲಿ ಹುಸಿಯಿಲ್ಲ. ಭೂಮಿ ಪ್ರತಿಫಲಿಸಿದ ಬೆಳಕಾಗಿ ಮತ್ತು ಅವಗೆಂಪು (ಇನ್‌ಫ್ರಾರೆಡ್) ಕಿರಣಗಳಾಗಿ ಹೆಚ್ಚು ಕಡಿಮೆ ಅಷ್ಟನ್ನೇ ಆಕಾಶಕ್ಕೆ ಮರಳಿಸುವುದರಿಂದ ದಿನದಿನಕ್ಕೆ ಭಾರವಾಗುವುದಿಲ್ಲ.

ಎರಡನೆಯದಾಗಿ ಡ್ಯೂಟೀರಿಯಂ (2.014102) ಮತ್ತು ಟ್ರೀಟಿಯಂ (3.016049) ಸೇರಿ ಹೀಲಿಯಂ-4 ಹಾಗೂ ಒಂದು ನ್ಯೂಟ್ರಾನ್ ಆಗುವ ಸಮ್ಮಿಲನ. ಉತ್ತರ 17.6 ಎಂಇವಿ. ಇದನ್ನು ಐದು ಕಣಗಳಿಗೆ ಹಂಚಿ, ಯುರೇನಿಯಂನ 200ನ್ನು 236 ಕಣಗಳಿಗೆ ಹಂಚಿ ಹೋಲಿಸಿದರೆ ಸಮ್ಮಿಲನದ ಬೆನ್ನು ಹತ್ತಿದವರ ಹಟಕ್ಕೆ ಕಾರಣ ಸಿಗುತ್ತದೆ.

ಮೂರನೆಯದು ಅರ್ನೆಸ್ಟ್ ರುದರ್‌ಫರ್ಡ್ 1919ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ಸಾರಜನಕ-14 (14.003074) ಒಂದು ಹೀಲಿಯಂ ನ್ಯೂಕ್ಲಿಯಸ್ಸನ್ನು ನುಂಗಿ ಆಮ್ಲಜನಕ-17 (16.999132) ಮತ್ತು ಒಂದು ಪ್ರೋಟಾನ್ ಆಗುತ್ತದೆ, ಪ್ರೋಟಾನಿನ ಜಾಗದಲ್ಲಿ ಹೈಡ್ರೋಜನ್ ಪರಮಾಣುವಿನ ಅಂಕಿಯನ್ನೇ ಹಾಕಿ. ಕಳೆದಾಗ ಋಣ ಚಿಹ್ನೆ ಬರುತ್ತದೆ: ಋಣ 0.001280 ಮಾನ, ಋಣ 1.19 ಎಂಇವಿ. ಕೂಡಿಸುವುದರಲ್ಲಿ ಎಡವಿದೆವು ಎಂದು ಹೊಡೆದು ಹಾಕಬೇಡಿ. ಇಲ್ಲಿ ಹುಟ್ಟಿದವು ಸತ್ತವುಗಳಿಗಿಂತ ಭಾರ. ಆ ಹೆಚ್ಚಿನ ದ್ರವ್ಯರಾಶಿ ಬಂದುದು ಹಾರಿಬಂದ ಹೀಲಿಯಂನ ಚಲನ ಶಕ್ತಿಯಿಂದ. ಹೀಲಿಯಂ ನಿಧಾನವಾಗಿ ಬಂದರೆ ಈ ಕ್ರಿಯೆ ನಡೆಯುವುದೇ ಇಲ್ಲ. ಸಂವೇಗವನ್ನೂ ಉಳಿಸಬೇಕಾದ್ದರಿಂದ ನಿಂತಿರುವ ಸಾರಜನಕಕ್ಕೆ ಬಡಿಯುವ ಹೀಲಿಯಂನಲ್ಲಿ ಕನಿಷ್ಠ ಸುಮಾರು 1.53 ಎಂಇವಿ ಇರಬೇಕು. 1.19 ಹೇಗೆ 1.53 ಆಯಿತು ಎಂಬುದಕ್ಕೆ ಸುಳಿವು: 1.19ನ್ನು 18ರಿಂದ ಗುಣಿಸಿ 14ರಿಂದ ಭಾಗಿಸಿ, ಆ 18 ಮತ್ತು 14 ಎಲ್ಲಿಂದ ಬಂದವು ಎಂದು ಘರ್ಷಣೆಯ ಪಾಠವನ್ನು ತೆರೆದು ನೋಡಿ.